ಶ್ರುತಿ ಹಿಡಿದ ಮನಸ್ಸು



ಸಾಫ್ಟ್‌ವೇರ್ ಕೆಲಸದವನಿಗೂ ಶಾಸ್ತ್ರೀಯ ಸಂಗೀತಕ್ಕೂ ಏನು ನಂಟು ಎಂದು ನಿಮಗೆ ಅನ್ನಿಸಬಹುದು. ನಂಟು ಹಳೆಯದು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ನಮ್ಮೂರಿನ ಮನೆಗಳಿಗೇ ಸಂಗೀತವನ್ನು ತಂದಿತು. ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ರೂಪಿಸಿದರು. ಇಂದು ತಂಬೂರಿ ನಿಮ್ಮ ಮೊಬೈಲಿನಲ್ಲೇ ಇದೆ.

ಶ್ರುತಿಯ ಹಿಂದೆ ಗಣಿತವೂ ಇದೆ. ಷಡ್ಜ ಸೆಕೆಂಡಿಗೆ 240 ಕಂಪನವಾದರೆ ಪಂಚಮ 360, ಮೇಲಿನ ಷಡ್ಜ 480. ಈ ಅನುಪಾತವನ್ನು ಯಂತ್ರ ತಪ್ಪದೆ ಲೆಕ್ಕ ಹಾಕುತ್ತದೆ. ಆದರೆ ಅದಕ್ಕೆ ತಿಳಿಯದ ಸಂಗತಿಯೊಂದಿದೆ. ವಿಡಿಯೋ ಕರೆಯ ತಂತ್ರಾಂಶ ಮಾತನ್ನು ಉಳಿಸಿ, ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ಅಳಿಸುತ್ತದೆ. ಫ್ಯಾನಿನ ಸದ್ದಿನ ಜೊತೆ ತಂಬೂರಿಯ ನಾದವೂ ಹೋಗಿಬಿಡುತ್ತದೆ! ಆನ್‌ಲೈನ್ ಸಂಗೀತ ಪಾಠದವರು ಆ ಸೌಲಭ್ಯವನ್ನು ಆಫ್ ಮಾಡಬೇಕಾಗುತ್ತದೆ. ಯಾವುದು ಗದ್ದಲ, ಯಾವುದು ಆಧಾರ ಎಂದು ಆರಿಸುವ ಕೆಲಸ ಇನ್ನೂ ನಮ್ಮ ಕಿವಿಯದೇ.

ಮನಸ್ಸಿಗೂ ಇದೇ ಮಾತು. ಅಂಕ, ಪರೀಕ್ಷೆ, ಮೊಬೈಲಿನ ಸಂದೇಶ, ಎಲ್ಲವೂ ಒಟ್ಟಿಗೆ ಕೂಗುತ್ತವೆ. ಷಡ್ಜವನ್ನು ಒಂದೇ ಉಸಿರಿನಲ್ಲಿ ನಿಲ್ಲಿಸಿ ಹಾಡಿ ನೋಡಿ. ಉಸಿರು ನಿಧಾನವಾಗುತ್ತದೆ, ಎದೆಬಡಿತ ತಗ್ಗುತ್ತದೆ. ಕೆಲಸದ ಗಡುವು ಹತ್ತಿರ ಬಂದ ದಿನಗಳಲ್ಲಿ ನಾನು ಹತ್ತು ನಿಮಿಷ ಹೀಗೆ ಕೂರುತ್ತೇನೆ. ಕೆಲಸವೇನೂ ಕಡಿಮೆಯಾಗುವುದಿಲ್ಲ, ಮಾಡುವವನಿಗೆ ಸಮಾಧಾನ ಸಿಗುತ್ತದೆ.

ಆದರೂ ಸಂಗೀತವೇ ಎಲ್ಲಕ್ಕೂ ಔಷಧಿಯಲ್ಲ. ಬೇಸರ ವಾರಗಟ್ಟಲೆ ಬಿಡದಿದ್ದರೆ ಮನೆಯವರಿಗೆ, ಮೇಷ್ಟ್ರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಶಿವಮೊಗ್ಗದ ಪಕ್ಕದಲ್ಲೇ ಇರುವ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರು ಗಮಕ ಕಲೆಗಾಗಿ 2022ರಲ್ಲಿ ಪದ್ಮಶ್ರೀ ಪಡೆದರು. ಅಂಥ ಕಲೆ ಬಾಯಿಂದ ಕಿವಿಗೆ, ಎದುರು ಕೂತು ಕಲಿತು ಉಳಿದದ್ದು. ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಶಾಲೆಗೆ ಕಂಪ್ಯೂಟರ್ ಕೊಡೋಣ, ಜೊತೆಗೆ ವಾರಕ್ಕೊಂದು ಸಂಗೀತದ ತರಗತಿ ನಡೆಸಿ ಮೇಷ್ಟ್ರ ಗೌರವಧನವನ್ನೂ ನಾವೇ ಭರಿಸೋಣ. ನನ್ನ ಪಾಲು ಇಂದೇ ಕೊಡುತ್ತೇನೆ.