ಕೂಸಿನ ಕುತ್ತಿಗೆ ನಿಂತಿದೆಯೇ?

(ಕಮಠಾಣದಲ್ಲಿ ನಡೆದ ತಾಯಂದಿರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೂಸು ಹುಟ್ಟಿದ ಮನೆಗೆ ಹೋದಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಗಂಡೋ ಹೆಣ್ಣೋ, ತೂಕವೆಷ್ಟು, ಯಾರನ್ನು ಹೋಲುತ್ತದೆ? ಆದರೆ 3 ತಿಂಗಳು ಕಳೆದ ಮೇಲೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಕುತ್ತಿಗೆ ನಿಂತಿದೆಯೇ? ಇದು ಬರಿಯ ಉಪಚಾರದ ಮಾತಲ್ಲ. ಕೂಸಿನ ಮಿದುಳು, ನರ ಹಾಗೂ ಸ್ನಾಯುಗಳು ಕೂಡಿ ಕೆಲಸ ಮಾಡತೊಡಗಿವೆ ಎಂಬುದಕ್ಕೆ ದೊರೆಯುವ ಮೊದಲ ಸಾಕ್ಷ್ಯಗಳಲ್ಲಿ ಇದೂ ಒಂದು.

ನವಜಾತ ಶಿಶುವಿನ ತಲೆ ಅದರ ದೇಹದ ಉದ್ದದ ಸುಮಾರು ಕಾಲು ಭಾಗದಷ್ಟಿರುತ್ತದೆ. ಅಷ್ಟು ಭಾರವನ್ನು ಹೊರುವ ಶಕ್ತಿ ಎಳೆಯ ಕುತ್ತಿಗೆಗಿಲ್ಲ. ಆದ್ದರಿಂದಲೇ ಎತ್ತಿಕೊಳ್ಳುವಾಗ ತಲೆಯ ಹಿಂದೆ ಕೈ ಕೊಡಬೇಕು. ದೇಹದ ಮೇಲಿನ ಹಿಡಿತವು ತಲೆಯಿಂದ ಕೆಳಗಿಳಿಯುತ್ತ ಬರುತ್ತದೆ: ಮೊದಲು ಕುತ್ತಿಗೆ, ಬಳಿಕ ಬೆನ್ನು, ಸೊಂಟ, ಕಾಲು. 2 ತಿಂಗಳಾಗುವಷ್ಟರಲ್ಲಿ ಬೋರಲು ಮಲಗಿಸಿದ ಕೂಸು ತಲೆಯನ್ನು ಮೇಲಕ್ಕೆತ್ತುತ್ತದೆ. ಮುಂದೆ ಮುಂಗೈಗಳ ಮೇಲೆ ಭಾರ ಹಾಕಿ ಎದೆಯನ್ನೂ ಎತ್ತುತ್ತದೆ. 4 ತಿಂಗಳು ತುಂಬುವ ಹೊತ್ತಿಗೆ, ಎತ್ತಿಕೊಂಡಾಗ ಆಸರೆಯಿಲ್ಲದೆಯೇ ತಲೆ ಸ್ಥಿರವಾಗಿ ನಿಲ್ಲಬೇಕು. ಕೂಸಿನಿಂದ ಕೂಸಿಗೆ ಕೆಲವು ವಾರಗಳ ಅಂತರವಿರುವುದು ಸಹಜ. ಅವಧಿಗೆ ಮುನ್ನ ಹುಟ್ಟಿದ ಕೂಸಿನ ಲೆಕ್ಕ ಬೇರೆ. 2 ತಿಂಗಳು ಮುಂಚಿತವಾಗಿ ಹುಟ್ಟಿದ ಕೂಸಿಗೆ 4 ತಿಂಗಳಾದಾಗ ಅದನ್ನು 2 ತಿಂಗಳ ಕೂಸಿನೊಂದಿಗೆ ಹೋಲಿಸಬೇಕು.

ಕುತ್ತಿಗೆಗೆ ಬಲ ಬರಲು ಔಷಧ ಬೇಕಿಲ್ಲ, ಅವಕಾಶ ಬೇಕು. ದಿನವಿಡೀ ಜೋಲಿಯಲ್ಲೇ ಮಲಗಿರುವ ಕೂಸಿಗೆ ತಲೆ ಎತ್ತುವ ಅವಕಾಶವೇ ಸಿಗದು. ಅದು ಎಚ್ಚರವಾಗಿರುವಾಗ, ನಮ್ಮ ಕಣ್ಣೆದುರಲ್ಲೇ, ನೆಲದ ಚಾಪೆಯ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಮಲಗಿಸಬೇಕು. ಇಂತಹ ಸಮಯವೆಲ್ಲ ಸೇರಿ ದಿನಕ್ಕೆ ಕನಿಷ್ಠ 30 ನಿಮಿಷವಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ನೀಡಿತು. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು. ಬೋರಲು ನಿದ್ದೆಯಲ್ಲಿ ಉಸಿರುಕಟ್ಟುವ ಅಪಾಯವಿದೆ. ಎಣ್ಣೆ ಹಚ್ಚಿ ನೀರೆರೆಯುವಾಗ ಕುತ್ತಿಗೆಯನ್ನು ಎಳೆಯುವುದು, ಅಳುವ ಕೂಸನ್ನು ಜೋರಾಗಿ ಕುಲುಕುವುದು, ಮೇಲಕ್ಕೆಸೆದು ಹಿಡಿಯುವುದು, ಇವನ್ನೆಲ್ಲ ಬಿಡಬೇಕು. ಜೋರಾಗಿ ಕುಲುಕಿದರೆ ಮಿದುಳಿನಲ್ಲಿ ರಕ್ತಸ್ರಾವವೇ ಆಗಬಹುದು.

ಇನ್ನು ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕಾದ ವಿಷಯಕ್ಕೆ ಬರೋಣ. 5 ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? 'ಇವನ ಅಪ್ಪನಿಗೂ ತಡವಾಗಿಯೇ ನಿಂತಿತ್ತು' ಎಂದು ಒಬ್ಬರು ಸಮಾಧಾನ ಹೇಳುತ್ತಾರೆ. ದೃಷ್ಟಿ ತಾಗಿದೆ ಎಂದು ಇನ್ನೊಬ್ಬರು ದಾರ ಕಟ್ಟುತ್ತಾರೆ. ಕೊನೆಗೆ 'ಬಸಿರಿಯಾಗಿದ್ದಾಗ ಇವಳು ಸರಿಯಾಗಿರಲಿಲ್ಲ' ಎಂಬ ತೀರ್ಪು ಸೊಸೆಯ ತಲೆಗೆ ಬರುತ್ತದೆ. ಹೆರಿಗೆಯ ವೇಳೆ ಉಸಿರು ಕಟ್ಟಿದ್ದು, ಹುಟ್ಟಿದ ಮೊದಲ ದಿನಗಳಲ್ಲಿ ಕಾಮಾಲೆ ವಿಪರೀತವಾದದ್ದು, ಮಿದುಳಿನ ಸೋಂಕು, ಥೈರಾಯ್ಡ್ ಕೊರತೆ, ಸ್ನಾಯುಗಳ ರೋಗ - ಕಾರಣ ಇವುಗಳಲ್ಲಿ ಯಾವುದೂ ಇರಬಹುದು. ಇವುಗಳಲ್ಲಿ ಯಾವುದನ್ನು ತಾಯಿ ಬೇಕೆಂದು ಮಾಡಿದಳು? ಆಕೆಯನ್ನು ದೂಷಿಸುವುದು ಅನ್ಯಾಯ ಮಾತ್ರವಲ್ಲ, ಕೂಸಿಗೆ ಮಾಡುವ ದ್ರೋಹವೂ ಹೌದು. ಮಾತು ಕೇಳಬೇಕಾದೀತೆಂಬ ಭಯಕ್ಕೆ ಆಕೆ ತನಗೆ ಬಂದ ಅನುಮಾನವನ್ನು ಯಾರಿಗೂ ಹೇಳದೆ ಮುಚ್ಚಿಡುತ್ತಾಳೆ.

ಎಳೆಯ ಮಿದುಳು ಬೇಗ ಕಲಿಯುತ್ತದೆ. ಥೈರಾಯ್ಡ್ ಕೊರತೆಗೆ ಹುಟ್ಟಿದ ಕೆಲವೇ ವಾರಗಳಲ್ಲಿ ಮಾತ್ರೆ ಆರಂಭಿಸಿದರೆ ಬುದ್ಧಿಮಾಂದ್ಯವನ್ನೇ ತಡೆಯಬಹುದು. ಮಿದುಳಿಗೆ ಪೆಟ್ಟಾದ ಕೂಸಿಗೂ ಮೊದಲ ತಿಂಗಳುಗಳಲ್ಲೇ ವ್ಯಾಯಾಮ ಚಿಕಿತ್ಸೆ ದೊರೆತರೆ ಕೂರಲು, ಉಣ್ಣಲು, ನುಡಿಯಲು ನೆರವಾಗುತ್ತದೆ. ಆದ್ದರಿಂದ 4 ತಿಂಗಳು ತುಂಬಿಯೂ ತಲೆ ನಿಲ್ಲದಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಮೈ ಸೆಟೆದುಕೊಂಡರೆ ಅಥವಾ ಬಟ್ಟೆಯಂತೆ ಜೋತುಬಿದ್ದರೆ, ಹಾಲು ಕುಡಿಯಲು ಕಷ್ಟಪಟ್ಟರೆ, ನಿಂತಿದ್ದ ಕುತ್ತಿಗೆ ಮತ್ತೆ ಬಿದ್ದುಹೋದರೆ ಅಂದೇ ಹೊರಡಿ.

ಸರಕಾರದ ಹೊಣೆಯನ್ನೂ ನಾವು ಮರೆಯಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ಕುಂಠಿತವನ್ನು ಪತ್ತೆಹಚ್ಚಿ ಉಚಿತ ಚಿಕಿತ್ಸೆ ಕೊಡಿಸಬೇಕು. 2018ರ ಯೋಜನೆಯಂತೆ ಆಶಾ ಕಾರ್ಯಕರ್ತೆಯು ಕೂಸಿಗೆ 3, 6, 9, 12 ಹಾಗೂ 15 ತಿಂಗಳಾದಾಗ ಮನೆಗೆ ಬರಬೇಕು. ಕುತ್ತಿಗೆಯ ಮಾತೆತ್ತಲು 3ನೇ ತಿಂಗಳ ಭೇಟಿಯೇ ತಕ್ಕ ಸಂದರ್ಭ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡುವ 371-ಜೆ ವಿಧಿಯೂ 2013ರಲ್ಲೇ ಜಾರಿಗೆ ಬಂದಿತು. ಅದರ ಫಲ ರಸ್ತೆ, ಕಟ್ಟಡ, ನೌಕರಿಗಳಿಗಷ್ಟೇ ಸೀಮಿತವಾಗಬೇಕೇ? ಬೀದರ್‌ಗೆ ಹೋಗಿ ಬರುವ ಒಂದು ದಿನವೆಂದರೆ ಒಂದು ದಿನದ ಕೂಲಿ ಕಳೆದುಕೊಳ್ಳುವುದು. ಚಿಕಿತ್ಸೆಗೆ ವಾರ ವಾರವೂ ಹೋಗಬೇಕಾದ ಬಡ ತಾಯಿಗೆ ಇದು ಸಣ್ಣ ನಷ್ಟವಲ್ಲ. ನಮ್ಮೂರಿಗೆ ತಪಾಸಣಾ ತಂಡ ಎಂದು ಬಂದಿತ್ತು, ವ್ಯಾಯಾಮ ಚಿಕಿತ್ಸೆ ಹತ್ತಿರದಲ್ಲಿ ಎಲ್ಲಿ ದೊರೆಯುತ್ತದೆ ಎಂದು ಗ್ರಾಮಸಭೆಯಲ್ಲಿ ಕೇಳುವುದು ನಮ್ಮ ಹಕ್ಕು. ತಾಯಂದಿರೊಂದಿಗೆ ತಂದೆಯಂದಿರೂ ಎದ್ದುನಿಂತು ಕೇಳಬೇಕು.

ಸಹೋದರಿಯರೇ, ಇಂದು ಮನೆಗೆ ಮರಳಿದಾಗ ನಿಮ್ಮ ಮನೆಯ, ನೆರೆಮನೆಯ ಎಳೆಗೂಸನ್ನೊಮ್ಮೆ ಎತ್ತಿಕೊಂಡು ನೋಡಿ. ತಲೆ ನಿಂತಿದ್ದರೆ ಸಂತೋಷಪಡಿ. ನಿಂತಿಲ್ಲವಾದರೆ ಆ ತಾಯಿಯನ್ನು ಹೆದರಿಸಬೇಡಿ, ಹಳಿಯಬೇಡಿ. 'ನಾಳೆ ಆಸ್ಪತ್ರೆಗೆ ಹೋಗೋಣ, ನಾನೂ ಬರುತ್ತೇನೆ' ಎನ್ನಿ. ತನ್ನ ತಲೆಯನ್ನು ತಾನೇ ಹೊರಲಾರದ ಕೂಸಿಗೆ ಇಡೀ ಊರೇ ಆಸರೆಯಾಗಬೇಕು.