ಕೆಲಸವನ್ನು ಮನುಷ್ಯನಿಗೆ ಹೊಂದಿಸುವ ನಾಯಕತ್ವ



ನರವೈವಿಧ್ಯದ, ಅಂದರೆ ಮಿದುಳು ಕೆಲಸ ಮಾಡುವ ರೀತಿಯಲ್ಲಿರುವ ವೈವಿಧ್ಯದ ಬಗ್ಗೆ ಮಾತು ಸಾಮಾನ್ಯವಾಗಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಸಭಾಂಗಣಗಳಲ್ಲಿ ನಡೆಯುತ್ತದೆ. ಅದಕ್ಕೆ ಕಾರಣವೂ ಇದೆ. ಆಟಿಸಂ ಇರುವವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಯೋಜನೆಯನ್ನು ಸ್ಯಾಪ್ ಎಂಬ ಸಾಫ್ಟ್‌ವೇರ್ ಕಂಪನಿ 2013ರಲ್ಲಿ ಸಾರಿದಾಗ, ಮೊದಲ ಪ್ರಯೋಗ ನಡೆದ ಊರುಗಳಲ್ಲಿ ಬೆಂಗಳೂರೂ ಇತ್ತು. ಆ ಮಾತು ಇವತ್ತು ಈ ಸಂಕಿರಣದ ಮೂಲಕ ಸೇಡಂಗೆ ಬಂದಿರುವುದು ನನಗೆ ಬಹಳ ಸಂತೋಷ ತಂದಿದೆ. ವಾಡಿ, ಮಳಖೇಡ, ಚಿತ್ತಾಪುರ, ಚಿಂಚೋಳಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ, ಶಹಾಬಾದಿನ ಕಲ್ಲುಗಣಿಗಳಲ್ಲಿ, ವಾಡಿ ಜಂಕ್ಷನ್ನಿನಲ್ಲಿ ದುಡಿಯುವವರ ನಡುವೆಯೂ ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವವರು ಇದ್ದೇ ಇರುತ್ತಾರೆ. ಅವರನ್ನು ನಾವು ಆ ಹೆಸರುಗಳಿಂದ ಗುರುತಿಸಿಲ್ಲ. ಮೊಂಡ, ಮಂದ, ಯಾರ ಜೊತೆಗೂ ಬೆರೆಯದವ ಎಂದು ಕರೆದು ಸುಮ್ಮನಾಗಿದ್ದೇವೆ.

ಕಾನೂನು ನಮಗಿಂತ ಮುಂದೆ ನಡೆದಿದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ, ಕಲಿಕಾ ನ್ಯೂನತೆಯೂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿ ಅವೆರಡನ್ನೂ ಒಳಗೆ ತಂದಿತು. ಸರ್ಕಾರಿ ಹುದ್ದೆಗಳ ಶೇಕಡ 4ರ ಮೀಸಲಾತಿಯಲ್ಲಿ ಶೇಕಡ 1ರಷ್ಟು ಪಾಲು ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ನ್ಯೂನತೆ ಇರುವವರಿಗೆ ಸೇರಿದ್ದು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಬರೆದು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿರುವ ಕಡೆ ಆ ನೀತಿಯಲ್ಲಿ ಯಾವ ಹುದ್ದೆ, ಯಾವ ಸೌಲಭ್ಯ ಎಂಬುದೂ ಇರಬೇಕು, ಅದನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯೂ ಇರಬೇಕು.

ಆದರೆ ನೀತಿ ಆಡಳಿತ ಕಚೇರಿಯ ಗೋಡೆಯ ಮೇಲಿರುತ್ತದೆ, ಕೆಲಸಗಾರ ಪ್ಲಾಂಟಿನೊಳಗೆ ಇರುತ್ತಾನೆ. ಅವನ ಪಾಲಿಗೆ ಕಂಪನಿ ಎಂದರೆ ಶಿಫ್ಟ್ ಇನ್‌ಚಾರ್ಜ್, ಫೋರ್‌ಮನ್, ಗುತ್ತಿಗೆದಾರನ ಮೇಸ್ತ್ರಿ. ಅದಕ್ಕೇ ಈ ಸಂಕಿರಣದಲ್ಲಿ ನಾಯಕತ್ವ ಎಂದಾಗ ಮೊದಲು ಇವರನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಆಶಯ ಇಷ್ಟು: ಒಳ್ಳೆಯ ನಾಯಕ ಕೆಲಸವನ್ನು ಮನುಷ್ಯನಿಗೆ ಹೊಂದಿಸುತ್ತಾನೆ, ಹೊಂದದ ಮನುಷ್ಯನನ್ನು ಹೊರಗೆ ಹಾಕುವುದಿಲ್ಲ.

ಕಾರ್ಖಾನೆಯವರಾದ ನಿಮಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಮಿಲ್ಲಿನ ಸದ್ದು ತಡೆಯಲಾಗದಿದ್ದರೆ ಕಿವಿಗೆ ಇಯರ್‌ಪ್ಲಗ್ ಕೊಡುತ್ತೀರಿ, ಧೂಳಿಗೆ ಮಾಸ್ಕ್ ಕೊಡುತ್ತೀರಿ, ಎತ್ತರಕ್ಕೆ ಬೆಲ್ಟ್ ಕಟ್ಟುತ್ತೀರಿ. ಇದನ್ನು ಯಾರೂ ದಯೆ ಎನ್ನುವುದಿಲ್ಲ, ಸುರಕ್ಷತೆ ಎನ್ನುತ್ತಾರೆ. ದೇಹಕ್ಕೆ ಮಾಡಿದ್ದನ್ನೇ ಮನಸ್ಸಿಗೂ ಮಾಡೋಣ.

ಹೇಗೆ ಎಂಬುದಕ್ಕೆ ಶಿಫ್ಟ್ ಬದಲಾಗುವ ಹೊತ್ತನ್ನೇ ನೋಡಿ. "ಏ ತಮ್ಮಾ, ಆ ಮಿಲ್ ಕಡಿ ಒಂದೀಟ ನೋಡ್ಕೊಂಡ ಬಾ" ಎನ್ನುತ್ತಾನೆ ಇನ್‌ಚಾರ್ಜ್. ಆಟಿಸಂ ಇರುವ ಹುಡುಗ ಹೋಗುತ್ತಾನೆ, ಮಿಲ್ಲನ್ನು ನೋಡುತ್ತಾನೆ, ಬರುತ್ತಾನೆ. ಹೇಳಿದ್ದನ್ನು ಅವನು ಮಾಡಿದ್ದಾನೆ. ಆದರೂ ಬೈಗುಳ ತಿನ್ನುತ್ತಾನೆ. ಅದರ ಬದಲು, "ಎರಡನೇ ಮಿಲ್ಲಿನ ಬೇರಿಂಗ್ ಎಷ್ಟು ಬಿಸಿ ಇದೆ ನೋಡು, ಲಾಗ್‌ಬುಕ್ಕಿನಲ್ಲಿ ಬರೆ, 80 ಡಿಗ್ರಿ ದಾಟಿದ್ದರೆ ತಕ್ಷಣ ನನಗೆ ಫೋನ್ ಮಾಡು" ಎಂದರೆ ಕೆಲಸ ನಿಖರವಾಗಿ ಆಗುತ್ತದೆ. ಇಷ್ಟು ಸ್ಪಷ್ಟವಾಗಿ ಹೇಳಿದರೆ ಉಪಯೋಗ ಆ ಹುಡುಗನೊಬ್ಬನಿಗೇ ಅಲ್ಲ. ಮೊನ್ನೆ ಸೇರಿದವನಿಗೂ, ರಾತ್ರಿ ಪಾಳಿಯಲ್ಲಿ ದಣಿದವನಿಗೂ, ಬಿಹಾರದಿಂದ ಬಂದು ಕನ್ನಡ ಕಲಿಯುತ್ತಿರುವವನಿಗೂ ಅದೇ ಬೇಕು. 1,450 ಡಿಗ್ರಿಯಲ್ಲಿ ಸಿಮೆಂಟಿನ ಕ್ಲಿಂಕರ್ ಬೇಯುವ ಜಾಗದಲ್ಲಿ ಅರೆಬರೆ ಮಾತು ಎಲ್ಲರಿಗೂ ಅಪಾಯ.

ಡಿಸ್ಲೆಕ್ಸಿಯಾ ಇರುವವನಿಗೆ ಪುಟಗಟ್ಟಲೆ ಸೂಚನೆಯ ಬದಲು ಚಿತ್ರವಿರುವ ಫಲಕ ಕೊಡಿ. ಎಡಿಎಚ್‌ಡಿ ಇರುವವರಿಗೆ ಎಂಟು ತಾಸಿನ ಕೆಲಸವನ್ನು ಸಣ್ಣ ಸಣ್ಣ ಭಾಗ ಮಾಡಿ ಒಪ್ಪಿಸಿ. ಸಂದರ್ಶನದಲ್ಲಿ ಕಣ್ಣಿಗೆ ಕಣ್ಣಿಟ್ಟು ಮಾತಾಡಲಿಲ್ಲವೆಂದು ಅಂಕ ಕಳೆಯುವ ಬದಲು, ಲ್ಯಾಬಿನಲ್ಲೋ ವರ್ಕ್‌ಶಾಪಿನಲ್ಲೋ ಎರಡು ದಿನ ಕೆಲಸ ಮಾಡಿಸಿ ನೋಡಿ. ಇದಕ್ಕೆ ದೊಡ್ಡ ಬಜೆಟ್ ಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆಟಿಸಂ ಇರುವವರೆಲ್ಲ ಲೆಕ್ಕದಲ್ಲಿ ಪ್ರಚಂಡರು ಎಂದುಕೊಳ್ಳುವುದೂ ಅನ್ಯಾಯವೇ. ಒಬ್ಬ ಸಾಧಾರಣ ಕೆಲಸಗಾರ ಸಾಧಾರಣನಾಗಿಯೇ ಗೌರವದಿಂದ ದುಡಿದು ಉಣ್ಣುವ ಹಕ್ಕನ್ನು ನಾವು ಕೇಳುತ್ತಿದ್ದೇವೆ.

ಶಿಸ್ತಿನ ವಿಷಯದಲ್ಲಿ ನಾಯಕನ ಪರೀಕ್ಷೆ ಇನ್ನೂ ಕಠಿಣ. ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಒಂದು ಮಹತ್ವದ ಮಾತು ಹೇಳಿತು: ಮಾನಸಿಕ ನ್ಯೂನತೆ ಇರುವ ನೌಕರನ ಮೇಲೆ ಶಿಸ್ತುಕ್ರಮ ಹೂಡುವುದು ಪರೋಕ್ಷ ತಾರತಮ್ಯದ ಒಂದು ಮುಖ. ಚಾರ್ಜ್‌ಶೀಟಿಗೆ ಸಹಿ ಹಾಕುವ ಮುನ್ನ "ಇದು ಉದ್ಧಟತನವೋ, ಸದ್ದು ತಾಳಲಾರದ ಸಂಕಟವೋ" ಎಂದು ಕೇಳುವ ಅಭ್ಯಾಸ ನಮ್ಮ ಅಧಿಕಾರಿಗಳಿಗೆ ಬರಬೇಕು.

ನರವೈವಿಧ್ಯ ಇರುವವರು ಮುನ್ನಡೆಯಬಲ್ಲರು ಎಂಬುದನ್ನೂ ಮರೆಯಬೇಡಿ. ಅಮೆರಿಕದ ಟೆಂಪಲ್ ಗ್ರಾಂಡಿನ್ ಅವರಿಗೆ ಆಟಿಸಂ ಇದೆ. ದನಗಳನ್ನು ಸಾಗಿಸುವ ಓಣಿಗಳಿಗೆ ತಾವೇ ಇಳಿದು, ದನದ ಕಣ್ಣಿಗೆ ಏನು ಕಾಣುತ್ತದೆ, ಯಾವ ನೆರಳಿಗೆ ಅದು ಬೆದರುತ್ತದೆ ಎಂದು ನೋಡಿ, ಆ ಉದ್ಯಮದ ಕಟ್ಟಡಗಳ ವಿನ್ಯಾಸವನ್ನೇ ಬದಲಿಸಿದರು. ಅದು ಕಂಪ್ಯೂಟರಿನ ಮುಂದಿನ ಕೆಲಸವಲ್ಲ. ನಮ್ಮದರಂತೆಯೇ ಧೂಳು, ಸದ್ದು, ಕಬ್ಬಿಣದ ಲೋಕ.

ಇದೇ ತಾಲ್ಲೂಕಿನ ಮಳಖೇಡದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಓದಿನ ಹಂಗಿಲ್ಲದೆಯೇ ಕಾವ್ಯ ಬಲ್ಲ ಜನರು ಈ ನಾಡಿನವರು ಎಂದು ಗುರುತಿಸಿತು. ಸರ್ಟಿಫಿಕೇಟಿನಾಚೆಗೆ ಸಾಮರ್ಥ್ಯವನ್ನು ಕಾಣುವುದು ಈ ಮಣ್ಣಿಗೆ ಹೊಸದಲ್ಲ.

ಮುಂದಿನ ಗೋಷ್ಠಿಗಳ ಮುಂದೆ ಮೂರು ಪ್ರಶ್ನೆಗಳನ್ನು ಇಡುತ್ತೇನೆ. ಸಮಾನ ಅವಕಾಶದ ನೀತಿ ಗುತ್ತಿಗೆ ಕಾರ್ಮಿಕನವರೆಗೆ ತಲುಪುವುದು ಹೇಗೆ? ಸೂಪರ್‌ವೈಸರ್‌ಗಳ ಸುರಕ್ಷತಾ ತರಬೇತಿಯೊಳಗೇ ನರವೈವಿಧ್ಯದ ಪಾಠವನ್ನು ಸೇರಿಸಲು ಯಾವ ಕಾರ್ಖಾನೆ ಮೊದಲು ಒಪ್ಪುತ್ತದೆ? ಐಟಿಐ ಮುಗಿಸಿದ ಇಂಥ ಮಕ್ಕಳಿಗೆ ಅಪ್ರೆಂಟಿಸ್ ಸ್ಥಾನ ಯಾರು ಕೊಡುತ್ತಾರೆ? ಸಂಜೆ ನಾವು ಎದ್ದು ಹೋಗುವ ಹೊತ್ತಿಗೆ ಒಂದಕ್ಕಾದರೂ ಒಂದು ಕಾರ್ಖಾನೆಯ ಹೆಸರಿನೊಂದಿಗೆ ಉತ್ತರ ಸಿಗಬೇಕು. ಅಷ್ಟಾದರೆ ಈ ಸಂಕಿರಣ ಸಾರ್ಥಕ.