ಹೇಳಿದವರು ಯಾರು?
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಮ್ಮ ಜನ್ಮದಿನಾಂಕ ಇದೆಯಲ್ಲ, ಅದು ನಮಗೆ ಹೇಗೆ ಗೊತ್ತು? ಹುಟ್ಟಿದ್ದು ನಾವೇ ಆದರೂ ಮನೆಯವರು ಹೇಳಿಯೇ ಗೊತ್ತಾಗಬೇಕು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಮೇಷ್ಟ್ರು ಹೇಳಿದರು, ಬರೆದುಕೊಂಡೆವು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಸರಿಯೇ. ಆದರೆ ಎಲ್ಲವನ್ನೂ ಹಾಗೆ ನೋಡಲು ಹೊರಟರೆ ಒಂದು ಆಯುಸ್ಸು ಸಾಲದು.

ಚಾರ್ವಾಕರು ಪ್ರತ್ಯಕ್ಷವನ್ನು ಮಾತ್ರ ಒಪ್ಪಿದರು. ನ್ಯಾಯದರ್ಶನದವರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ, ಅಂದರೆ ಆಪ್ತರ ಮಾತನ್ನೂ, ಪ್ರಮಾಣವೆಂದರು. (ಬಿ.ಇ. ಪಠ್ಯದಲ್ಲಿ ಇದು ಇರಲಿಲ್ಲ, ಆಮೇಲೆ ಓದಿದ್ದು.) ಆಪ್ತ ಎಂದರೆ ನಂಟನಲ್ಲ, ವಿಷಯವನ್ನು ಸ್ವತಃ ತಿಳಿದು, ತಿಳಿದಂತೆಯೇ ಹೇಳಬಯಸುವವನು. ಋಷಿ, ಆರ್ಯ, ಮ್ಲೇಚ್ಛ ಎಲ್ಲರಿಗೂ ಇದೇ ಲಕ್ಷಣ ಎನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ. ಜಾತಿ, ಪದವಿ ಕೇಳಲಿಲ್ಲ ನೋಡಿ.

ನಮ್ಮ ದೇವರಾಜ ಮಾರುಕಟ್ಟೆಯಲ್ಲಿ 'ಇದು ನಂಜನಗೂಡು ರಸಬಾಳೆ ಸ್ವಾಮಿ' ಎಂದರೆ ಕೊಳ್ಳುತ್ತೇವೆ. ಸುಳ್ಳಾದರೆ ನಾಳೆ ಅದೇ ಅಂಗಡಿಗೆ ಹೋಗಿ ಕೇಳಬಹುದು. ಮಾತಿಗೆ ಒಂದು ವಿಳಾಸವಿದೆ.

ವಿಳಾಸವಿಲ್ಲದ ಮಾತು ಏನು ಮಾಡುತ್ತದೆ? 2018ರ ಜುಲೈನಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂದು ಗುಲ್ಲೆದ್ದಿತು. ಹೆದರಿ ಕಾರು ಓಡಿಸಿದರು. ಕಾರಿಗಿಂತ ಮೊದಲೇ ವಾಟ್ಸಾಪ್‌ನಲ್ಲಿ ಸುದ್ದಿ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ಜನ ರಸ್ತೆಗೆ ಅಡ್ಡ ನಿಂತಿದ್ದರು. ಅವರಲ್ಲೊಬ್ಬ ಹೊಡೆತಕ್ಕೆ ಸತ್ತ. ನನ್ನ ಹಾಗೆಯೇ ಸಾಫ್ಟ್‌ವೇರ್ ಎಂಜಿನಿಯರ್. ಹೊಡೆದವರೂ ತಮ್ಮ ಮಕ್ಕಳಿಗಾಗಿ ಹೆದರಿದ ಸಾಮಾನ್ಯ ಜನವೇ. ಹೆದರಿಕೆ ನಿಜ, ಸುದ್ದಿ ಸುಳ್ಳು.

ಅದೇ ತಿಂಗಳು ವಾಟ್ಸಾಪ್ ಸಂಸ್ಥೆ, ಬಂದ ಸಂದೇಶವನ್ನು ಮುಂದಕ್ಕೆ ಕಳಿಸಿದರೆ 'ಫಾರ್ವರ್ಡೆಡ್' ಎಂಬ ಗುರುತು ಕಾಣುವಂತೆ ಮಾಡಿತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಎಂಬ ಮಿತಿಯನ್ನೂ ಪ್ರಕಟಿಸಿತು. ನನ್ನ ಕಸುಬಿನವರ ಕೈಲಾಗುವುದು ಅಷ್ಟೇ. ಕಳಿಸಿದವರು ತಾವೇ ಬರೆದದ್ದಲ್ಲ ಎಂದು ಆ ಗುರುತು ಹೇಳುತ್ತದೆ. ಮೊದಲು ಹೇಳಿದವನು ಕಣ್ಣಾರೆ ಕಂಡಿದ್ದನೇ ಎಂಬುದನ್ನು ಹೇಳಲಾರದು.

ಹಾಗಾಗಿ ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಒಂದು ಕೋರಿಕೆ: ಔಷಧಿ, ಅಪಘಾತ, ಕಳ್ಳತನದ ಸುದ್ದಿ ಹಾಕುವಾಗ 'ಇಂಥವರು ಹೇಳಿದರು, ಅವರು ಅಲ್ಲಿದ್ದರು' ಎಂದು ಒಂದು ಸಾಲು ಸೇರಿಸಿ. ಆ ಸಾಲು ಬರೆಯಲಾಗದಿದ್ದರೆ ಹಾಕಬೇಡಿ. ಮಕ್ಕಳೇ, 'ನಿಮಗೆ ಹೇಗೆ ಗೊತ್ತು ಸಾರ್?' ಎಂದು ನನ್ನನ್ನೂ ಕೇಳಬಹುದು. ಊಟದ ತನಕ ಇಲ್ಲೇ ಇರುತ್ತೇನೆ.